ಹೊಳೆ ದಾಟಿದವರಿಗೆ ಊಟದ ಮಾತು

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಶರಾವತಿ ಹಿನ್ನೀರಿನ ಮೇಲೆ ಸುಮಾರು 2.4 ಕಿ.ಮೀ. ಉದ್ದದ ಈ ಕೇಬಲ್ ಸೇತುವೆ ತುಮರಿ ಸೀಮೆಯ ಬದುಕನ್ನು ಎಷ್ಟು ಹಗುರ ಮಾಡಿದೆ ಎಂಬುದು ಲಾಂಚಿಗೆ ಕಾದು ಕೂತವರಿಗೆ ಗೊತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ಈ ಕಡೆಯ ಊರುಗಳಿಗೂ ಸಾಗರ ಪೇಟೆಗೂ ನಡುವೆ ನೀರು ನಿಂತಿತು. ಬಸ್ಸು, ಜೀಪು, ಅಡಿಕೆ ಮೂಟೆ, ಮದುವೆ ದಿಬ್ಬಣ, ಬಾಣಂತಿ, ರೋಗಿ, ಎಲ್ಲರೂ ಎಲ್ಲವೂ ಲಾಂಚ್ ಏರಿಯೇ ದಾಟಬೇಕಿತ್ತು. ಕತ್ತಲಾದ ಮೇಲೆ ಅದೂ ಇಲ್ಲ.

ಈಗ ಸಿಗಂದೂರಿನ ದೇವಸ್ಥಾನಕ್ಕೆ ಬರುವವರು ಕಾರಿನಲ್ಲೇ ದಾಟುತ್ತಾರೆ, ದರ್ಶನ ಮುಗಿಸುತ್ತಾರೆ, ಸೇತುವೆ ಮೇಲೊಂದು ಫೋಟೊ ತೆಗೆದುಕೊಂಡು ತಿರುಗುತ್ತಾರೆ. ಹಸಿವಾದರೆ ಗೋಬಿ ಮಂಚೂರಿ, ಫ್ರೈಡ್ ರೈಸ್, ಮಸಾಲೆ ದೋಸೆ. ಕೇಳಿದವರದು ತಪ್ಪಲ್ಲ, ಕೊಟ್ಟವರದೂ ತಪ್ಪಲ್ಲ. ಗೊತ್ತಿರುವ ಹೆಸರನ್ನಷ್ಟೇ ಮನುಷ್ಯ ಕೇಳಬಲ್ಲ. ‘ತಂಬುಳಿ’ ಎಂಬ ಮಾತನ್ನು ಕೇಳಿಯೇ ಇಲ್ಲದವರು ತಂಬುಳಿ ಬೇಕು ಎಂದು ಹೇಗೆ ಕೇಳಿಯಾರು? ಕೇಳುವವರಿಲ್ಲದ ಮೇಲೆ ಹೋಟೆಲಿನವರು ಯಾಕೆ ಮಾಡಿಯಾರು?

ಇದೇ ಜನ ಥಾಯ್ಲೆಂಡಿಗೆ ಹೊರಟಾಗ ಬೇರೆಯೇ ಆಗುತ್ತಾರೆ. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಸರ್ಕಾರ ಭಾರತೀಯರಿಗೆ ವೀಸಾ ಇಲ್ಲದೆ ಬರಲು ಅವಕಾಶ ಕೊಟ್ಟಿತು. ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನವೂ ಇದೆ. ಶಿವಮೊಗ್ಗ, ಸಾಗರದಂಥ ಊರುಗಳಿಂದಲೂ ಗುಂಪು ಕಟ್ಟಿಕೊಂಡು ಹೋಗುವವರಿದ್ದಾರೆ. ಹೊರಡುವ ಮುಂಚೆ ಫೋನಿನಲ್ಲಿ ನೋಡಿ ನಾಲ್ಕು ಮಾತು ಕಲಿಯುತ್ತಾರೆ. ಸಸ್ಯಾಹಾರಿಗಳಂತೂ ಚೀಟಿಯಲ್ಲಿ ಬರೆದುಕೊಂಡೇ ಹೋಗುತ್ತಾರೆ, ಏಕೆಂದರೆ ಅಲ್ಲಿ ಮಾತು ತಪ್ಪಿದರೆ ತಟ್ಟೆಯೂ ತಪ್ಪುತ್ತದೆ. ಪರದೇಶದ ಊಟಕ್ಕೆ ಇಷ್ಟು ಶ್ರಮಪಡುವ ನಾವು ಅದರಲ್ಲೊಂದು ಪಾಲನ್ನು ಶರಾವತಿಯ ಈಚೆಗಿನ ಊಟಕ್ಕೂ ಕೊಡಬೇಕು. ಎರಡು ಕಡೆಯ ಅಡುಗೆ ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಲಿಯುವ ದಾರಿ ಒಂದೇ ಎಂದು ಗೊತ್ತಾಗುತ್ತದೆ.

ಥಾಯ್ ಅಡುಗೆಯ ಹೆಸರುಗಳಿಗೆ ಒಂದು ಕಟ್ಟುಪಾಡಿದೆ. ಹೆಚ್ಚಾಗಿ ಮೊದಲು ಮಾಡುವ ಬಗೆ, ಆಮೇಲೆ ಹಾಕುವ ಪದಾರ್ಥ. ‘ತೊಮ್’ ಎಂದರೆ ಕುದಿಸಿದ್ದು, ‘ಫಟ್’ ಎಂದರೆ ಬಾಣಲೆಯಲ್ಲಿ ಹುರಿದು ತಿರುವಿದ್ದು, ‘ಥೋಟ್’ ಎಂದರೆ ಕರಿದದ್ದು, ‘ನುಂಗ್’ ಹಬೆಯಲ್ಲಿ ಬೇಯಿಸಿದ್ದು, ‘ಯಾಂಗ್’ ಕೆಂಡದ ಮೇಲೆ ಸುಟ್ಟದ್ದು, ‘ಯಮ್’ ಹುಳಿ ಖಾರ ಹಾಕಿ ಕಲಸಿದ್ದು, ‘ತಮ್’ ಒರಳಲ್ಲಿ ಕುಟ್ಟಿದ್ದು, ‘ಕೇಂಗ್’ ನಮ್ಮ ಸಾರು ಹುಳಿಯ ಜಾತಿಗೆ ಸೇರಿದ್ದು. ಇವಿಷ್ಟು ನೆನಪಿಟ್ಟುಕೊಂಡು ಅಕ್ಕಿಗೆ, ಅನ್ನಕ್ಕೆ ‘ಖಾವ್’, ಸೊಪ್ಪು ತರಕಾರಿಗೆ ‘ಫಕ್’, ಸೀಗಡಿಗೆ ‘ಕುಂಗ್’, ಮೀನಿಗೆ ‘ಪ್ಲಾ’, ಸೋಯಾದ ತೋಫುವಿಗೆ ‘ತಾವ್ ಹೂ’ ಎಂದು ಕಲಿತರೆ ಮೆನುವಿನ ಅರ್ಧ ಬಾಗಿಲು ತೆರೆದುಕೊಂಡಂತೆ. ‘ಖಾವ್ ಫಟ್ ಫಕ್’ ತರಕಾರಿ ಹಾಕಿ ಹುರಿದ ಅನ್ನ. ‘ಸೋಮ್ ತಮ್’ ಹುಳಿಯಾಗಿ ಕುಟ್ಟಿದ ಹಸಿ ಪರಂಗಿಕಾಯಿ. ಜಗತ್ತಿಗೆಲ್ಲ ಗೊತ್ತಿರುವ ‘ತೊಮ್ ಯಮ್ ಕುಂಗ್’ ಎಂಬ ಹೆಸರಿನಲ್ಲೇ ಕುದಿಸಿದ್ದು, ಕಲಸಿದ್ದು, ಸೀಗಡಿ ಹಾಕಿದ್ದು ಎಂಬ ಮೂರು ಸುದ್ದಿ ಇವೆ.

ಉಚ್ಚಾರಣೆ ಕಷ್ಟದ್ದೇ. ಥಾಯ್ ಭಾಷೆಗೆ ಐದು ದನಿಗಳು. ‘ಖಾವ್’ ಎಂಬುದನ್ನು ಮೇಲಿಂದ ಇಳಿಸಿ ಹೇಳಿದರೆ ಅನ್ನ, ಕೆಳಗಿಂದ ಏರಿಸಿ ಹೇಳಿದರೆ ಬಿಳಿ ಬಣ್ಣ, ತಗ್ಗಿಸಿ ಹೇಳಿದರೆ ಸುದ್ದಿ. ಹೋಟೆಲಿನಲ್ಲಿ ಕೂತವರು ಸುದ್ದಿ ಕೇಳಲಾರರು ಎಂದು ಬಡಿಸುವವರಿಗೂ ಗೊತ್ತಿರುವುದರಿಂದ ಅನ್ನ ಬರುತ್ತದೆ. ಆದರೆ ಇನ್ನೊಂದು ಜೋಡಿ ಹಾಗಲ್ಲ. ಕೋಳಿಗೆ ‘ಕೈ’, ಮೊಟ್ಟೆಗೆ ‘ಖೈ’. ಎರಡಕ್ಕೂ ದನಿ ತಗ್ಗಿನದೇ, ಬೇರೆ ಮಾಡುವುದು ಮಹಾಪ್ರಾಣ ಒಂದೇ. ಇಂಗ್ಲಿಷ್ ಮಾತಾಡುವವರಿಗೆ ಈ ಎರಡರಲ್ಲಿ ಗೊಂದಲವಾಗಬಹುದು. ನಮಗೆ ಹಾಗಾಗಬೇಕಿಲ್ಲ. ಕ, ಖ ಎರಡನ್ನೂ ಒಂದನೇ ಕ್ಲಾಸಿನಲ್ಲೇ ತಿದ್ದಿದವರು ನಾವು. ಆದರೂ ಮನೆ ಮಾತಿನಲ್ಲಿ ಖಾರವನ್ನು ಕಾರ ಎನ್ನುತ್ತೇವೆ, ಭತ್ತವನ್ನು ಬತ್ತ ಎನ್ನುತ್ತೇವೆ. ಆ ರೂಢಿಯನ್ನು ಬ್ಯಾಂಕಾಕಿನ ಅಂಗಡಿಗೂ ಒಯ್ದರೆ ಮೊಟ್ಟೆ ಕೇಳಿದವರ ಮುಂದೆ ಕೋಳಿ ಬಂದು ಕೂರುತ್ತದೆ.

ಸಸ್ಯಾಹಾರಿಗಳಿಗೆ ಅಲ್ಲಿ ಎರಡು ಮಾತು ಬೇಕು. ‘ಮಂಗ್ಸವಿರತ್’ ಎಂಬುದು ಕೇಳಿದ ಕೂಡಲೇ ನಮಗೆ ಪರಿಚಯದ್ದು, ಮಾಂಸವಿರತಿ. ಆಹಾರಕ್ಕೆ ಅವರು ‘ಆಹಾನ್’ ಎನ್ನುತ್ತಾರೆ, ರಸ ಎಂಬುದು ‘ರೊಟ್’ ಆಗಿ ರುಚಿ ಎಂಬ ಅರ್ಥ ಹೊತ್ತಿದೆ. ಆ ಭಾಷೆಯಲ್ಲಿ ಮಾತಿನ ಕೊನೆಯ ರಕಾರ ನಕಾರವಾಗುತ್ತದೆ, ಸಕಾರ ತಕಾರವಾಗುತ್ತದೆ. ಆದರೆ ಮಂಗ್ಸವಿರತ್ ಎಂದು ಕೇಳಿ ತರಿಸಿದ ಪಲ್ಯಕ್ಕೂ ಮೀನಿನ ರಸವಾದ ‘ನಮ್ ಪ್ಲಾ’ ಬಿದ್ದಿರಬಹುದು, ಮೊಟ್ಟೆಯೂ ಇರಬಹುದು. ಪೂರ್ತಿ ಭರವಸೆಯ ಮಾತು ‘ಚೇ’. ಇಂಗ್ಲಿಷ್ ಫಲಕಗಳಲ್ಲಿ ಇದನ್ನು ಜೇ ಎಂದು ಬರೆದಿರುತ್ತಾರೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇದ್ದರೆ ಅದೇ. ಚೀನೀ ಮೂಲದ ಈ ಪದ್ಧತಿಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಗಳೂ ನಿಷಿದ್ಧ. ಸಾಗರದ ಕಡೆಯ ಶ್ರಾದ್ಧದಡುಗೆ ಉಂಡು ಬೆಳೆದವರಿಗೆ ಬೆಳ್ಳುಳ್ಳಿ ಈರುಳ್ಳಿಯ ಈ ನಿಯಮ ಹೊಸದೆನಿಸುವುದಿಲ್ಲ. ‘ಮಾಯ್ ಸಾಯ್ ನಮ್ ಪ್ಲಾ’ ಎಂದರೆ ಮೀನಿನ ರಸ ಹಾಕಬೇಡಿ. ‘ಮಾಯ್ ಫೆಟ್’ ಎಂದರೆ ಖಾರ ಬೇಡ. ಮಾತಿನ ಕೊನೆಗೆ ಗಂಡಸರು ‘ಖ್ರಪ್’, ಹೆಂಗಸರು ‘ಖಾ’ ಸೇರಿಸಬೇಕು. ನಮ್ಮ ‘ರೀ’, ‘ಮಾರಾಯ್ರೆ’ ಮಾಡುವ ಕೆಲಸವನ್ನೇ ಅವು ಮಾಡುತ್ತವೆ. ಎದುರಾದವರನ್ನು ‘ಕಿನ್ ಖಾವ್ ರು ಯಂಗ್’ ಎಂದು ಕೇಳುವುದು ಅಲ್ಲಿಯ ರೂಢಿ. ಅನ್ನ ಉಂಡಿರಾ ಇನ್ನೂ ಇಲ್ಲವಾ ಎಂದು ಅರ್ಥ. ತುಮರಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದವರನ್ನು ‘ಊಟ ಆತಾ?’ ಎಂದು ಕೇಳಿದಂತೆಯೇ.

ಮಲೆನಾಡಿನ ಊಟದ ಹೆಸರುಗಳೂ ಇದೇ ಲೆಕ್ಕದಲ್ಲಿ ನಡೆಯುತ್ತವೆ, ತಿರುಗುಮುರುಗಾಗಿ. ಮೊದಲು ಪದಾರ್ಥ, ಆಮೇಲೆ ಮಾಡುವ ಬಗೆ. ಒಂದೆಲಗದ ತಂಬುಳಿ, ಸೌತೆಕಾಯಿ ಹಸಿ, ಹಾಗಲಕಾಯಿ ಗೊಜ್ಜು, ಕೆಸುವಿನ ಪತ್ರೊಡೆ. ಹಿಂದಿನ ಅರ್ಧವನ್ನು ಕಲಿತರೆ ಸಾಕು, ಮುಂದಿನ ಅರ್ಧ ಆಯಾ ದಿನ ಹಿತ್ತಲಲ್ಲಿ ಸಿಕ್ಕಿದ್ದು. ಹಸಿ ಎಂದರೆ ತರಕಾರಿಯನ್ನು ಮೊಸರು, ಅರೆದ ಕಾಯಿಗೆ ಕಲಸಿದ್ದು, ಅದನ್ನು ಒಲೆಯ ಮೇಲಿಟ್ಟು ಕುದಿಸುವುದಿಲ್ಲ. ಕಾಯಿಯ ಜೊತೆ ಸಾಸಿವೆ ಅರೆದರೆ ಅದು ಸಾಸ್ಮೆ. ಗೊಜ್ಜು ಎಂದರೆ ಹುಳಿ, ಸಿಹಿ, ಖಾರ ಮೂರೂ ಎದ್ದು ಕಾಣಬೇಕು. ಕಾಯಿ ಅರೆದು ಹಾಕದೆ ಮಾಡಿದ ಹುಳಿಗೆ ಬೋಳುಹುಳಿ ಎನ್ನುತ್ತಾರೆ.

ತಂಬುಳಿಯ ಬಗ್ಗೆ ನಿಂತು ಹೇಳಬೇಕು, ಏಕೆಂದರೆ ಈ ಸೀಮೆಯ ಊಟದ ಬುಡ ಅದು. ತೋಟದ ಬದುವಿನಲ್ಲಿ, ನೀರು ಹರಿಯುವ ಕಡೆ ಹಬ್ಬುವ ಒಂದೆಲಗವನ್ನು ಒಂದು ಹಿಡಿಯಷ್ಟು ಬೇರು ಸಮೇತ ಕಿತ್ತು ಮಣ್ಣು ಹೋಗುವಂತೆ ತೊಳೆಯಬೇಕು. ಚೂರು ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದುಕೊಂಡು, ತೆಂಗಿನತುರಿಯ ಜೊತೆ ಎಲೆಯನ್ನೂ ಸೇರಿಸಿ ನುಣ್ಣಗೆ ಬೀಸಬೇಕು. ಅದಕ್ಕೆ ಹುಳಿ ಮಜ್ಜಿಗೆ, ಉಪ್ಪು, ಕೊನೆಗೊಂದು ಒಗ್ಗರಣೆ. ಕುದಿಸಬಾರದು. ಎಲೆಗೆ ಅನ್ನ ಬಿದ್ದ ಮೇಲೆ ಮೊದಲು ಕಲಸಿಕೊಳ್ಳುವುದು ಇದನ್ನು. ತಣ್ಣಗಿನ, ಖಾರವಿಲ್ಲದ, ಎಲೆಯ ಒಗರು ಸ್ವಲ್ಪ ಉಳಿದ ತಂಬುಳಿಯಲ್ಲಿ ನಾಲ್ಕು ತುತ್ತು ಉಂಡ ಮೇಲೇ ಸಾರು, ಹುಳಿಯ ಬಿಸಿಗೆ ನಾಲಿಗೆ ಸಿದ್ಧವಾಗುತ್ತದೆ. ಇದನ್ನು ಹೋಟೆಲಿನಲ್ಲಿ ಊಟದ ಕೊನೆಗೆ ಗ್ಲಾಸಿನಲ್ಲಿ ಕೊಟ್ಟರೆ ಅದರ ಜಾಗವೇ ತಪ್ಪಿದಂತೆ. ಒಂದೆಲಗ ಸಿಗದಿದ್ದರೆ ಸಾಂಬಾರ ಸೊಪ್ಪು, ಚಕ್ರಮುನಿ, ನೆಲ್ಲಿಕಾಯಿ, ಶುಂಠಿ, ಮೆಂತ್ಯ, ದಾಳಿಂಬೆ ಸಿಪ್ಪೆ. ನಾಲ್ಕೈದು ಬಗೆ ಚಿಗುರು ಕೂಡಿದರೆ ಕುಡಿ ತಂಬುಳಿ. ಮಳೆಗಾಲದಲ್ಲಿ ಪೇಟೆಯ ದಾರಿಯೇ ಇಲ್ಲದೆ ಕೂತಿದ್ದ ಊರುಗಳಲ್ಲಿ ತರಕಾರಿಯ ಖರ್ಚಿಲ್ಲದೆ ಊಟ ಸಾಗಿದ್ದು ಇದರಿಂದ.

ಇವೇ ಎಲೆಗಳು ಥಾಯ್ ಅಡುಗೆಮನೆಯಲ್ಲೂ ಇವೆ. ನಮ್ಮ ಒಂದೆಲಗ ಅವರ ‘ಬುವಾ ಬೊಕ್’, ಅದನ್ನು ಅರೆದು ಸೋಸಿ ಸಿಹಿ ಪಾನಕ ಮಾಡಿ ಕುಡಿಯುತ್ತಾರೆ. ವಿಟಮಿನ್ ಸೊಪ್ಪು ಎಂದು ನಾವು ಹಿತ್ತಲಲ್ಲಿ ನೆಟ್ಟ ಚಕ್ರಮುನಿ ಅಲ್ಲಿ ‘ಫಕ್ ವಾನ್ ಬಾನ್’. ಬಿದಿರಿನ ಎಳೆ ಮೊಳಕೆಯಾದ ಕಳಲೆಗೆ ‘ನೋ ಮಾಯ್’ ಎನ್ನುತ್ತಾರೆ, ನಾವು ಉಪ್ಪುನೀರಿನಲ್ಲಿ ಹಾಕಿಡುವಂತೆ ಅವರೂ ಹುಳಿ ಬರಿಸಿ ಕಾಪಿಡುತ್ತಾರೆ. ಅತ್ಯಂತ ಬೆರಗಾಗುವುದು ‘ಫಟ್ ಕಫ್ರಾವ್’ ಎದುರು ಬಂದಾಗ. ದೇಶವೆಲ್ಲ ಮಧ್ಯಾಹ್ನದ ಊಟಕ್ಕೆ ನೆಚ್ಚಿಕೊಂಡ ಆ ಅಡುಗೆಯಲ್ಲಿ ಹಿಡಿಗಟ್ಟಲೆ ಬೀಳುವ ಕಫ್ರಾವ್ ಎಲೆ ನಮ್ಮ ಕಟ್ಟೆಯ ಮೇಲಿನ ತುಳಸಿಯ ಜಾತಿಯದೇ. ಮೆಣಸಿನಕಾಯಿ, ಬೆಳ್ಳುಳ್ಳಿಯ ಜೊತೆ ಬಿಸಿ ಬಾಣಲೆಗೆ ಬಿದ್ದ ತುಳಸಿಯ ಪರಿಮಳ ದೇವರ ತೀರ್ಥದ ಪರಿಮಳಕ್ಕಿಂತ ಬೇರೆ. ಅದೇ ಗಿಡದೊಳಗೆ ಇನ್ನೊಂದು ರುಚಿ ಇಷ್ಟು ಕಾಲ ಅಡಗಿತ್ತಲ್ಲ ಎನಿಸುತ್ತದೆ.

ಕನ್ನಡ ಬಲ್ಲವರೂ ಮಲೆನಾಡಿನ ಊಟಕ್ಕೆ ಹೊರಗಿನವರೇ. ಬೆಂಗಳೂರು, ಮೈಸೂರು, ಕಲಬುರಗಿಯಿಂದ ಬಂದವರಿಗೆ ಇಲ್ಲಿಯ ಮಾತು ಗೊತ್ತಿದ್ದೂ ಗೊತ್ತಿಲ್ಲದಂತೆ. ‘ಬೇಳೆ ಪಲ್ಯ’ ಎಂದರೆ ತೊಗರಿಬೇಳೆ ನಿರೀಕ್ಷಿಸಬೇಡಿ, ಅದು ಹಲಸಿನ ಬೀಜ. ‘ಕಬ್ಬಿನ ಹಾಲು’ ಎಂದರೆ ಕಬ್ಬಿನ ರಸ, ಹಸುವಿನ ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ‘ಕಾಯಿ ಹಾಕಿದ್ದು’ ಎಂದರೆ ತೆಂಗಿನಕಾಯಿಯೇ. ‘ಸಾಂಬಾರ ಸೊಪ್ಪು’ ಸಾಂಬಾರಿಗೆ ಹಾಕುವ ಕೊತ್ತಂಬರಿಯಲ್ಲ, ದೊಡ್ಡಪತ್ರೆ. ‘ಹುಳಿ’ ಎಂದರೆ ನೀವು ಸಾಂಬಾರ್ ಎನ್ನುವುದು, ಆದರೆ ‘ಅಪ್ಪೆಹುಳಿ’ ಆ ಗುಂಪಿನದಲ್ಲ. ‘ಉಪ್ಪುಸೊಳೆ’ ಎಂದರೆ ಉಪ್ಪಿನಲ್ಲಿ ಹಾಕಿಟ್ಟ ಎಳೆ ಹಲಸಿನ ತೊಳೆ. ಊಟವಾದ ಮೇಲೆ ‘ಕವಳ ಹಾಕ್ತ್ರಾ?’ ಎಂದರೆ ಇನ್ನೊಂದು ತುತ್ತಿಗೆ ಕರೆಯುತ್ತಿಲ್ಲ, ಎಲೆಯಡಿಕೆಯ ತಟ್ಟೆ ಮುಂದಿಡುತ್ತಿದ್ದಾರೆ. ಹವ್ಯಕರ ಮನೆಗೆ ಕಾಲಿಟ್ಟ ಕೂಡಲೇ ‘ಆಸ್ರಿಗೆ ಎಂತ ಬೇಕು?’ ಎಂದು ಕೇಳುತ್ತಾರೆ. ಕುಡಿಯಲು ಏನು ಕೊಡಲಿ ಎಂದು ಅರ್ಥ. ಗೊತ್ತಿಲ್ಲದವರು ಏನೂ ಬೇಡ ಎಂದುಬಿಡುತ್ತಾರೆ, ಮುರುಗಲಿನ ಪಾನಕ ತಪ್ಪಿಸಿಕೊಳ್ಳುತ್ತಾರೆ.

ಅಪ್ಪೆಹುಳಿಗೆ ಬರೋಣ. ಅಪ್ಪೆಮಿಡಿಯನ್ನೋ ಹುಳಿ ಮಾವಿನಕಾಯಿಯನ್ನೋ ಬೇಯಿಸಿ ಕಿವುಚಿ, ಬೇಕಷ್ಟು ನೀರು, ಉಪ್ಪು, ಹಸಿಮೆಣಸು ಸೇರಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಅನ್ನಕ್ಕೂ ಕಲಸಬಹುದು, ಲೋಟಕ್ಕೆ ಹಾಕಿ ಕುಡಿಯಲೂಬಹುದು. ಕುಡಿದರೆ ಒಳ್ಳೆ ನಿದ್ದೆ ಎಂಬುದು ಇಲ್ಲಿ ಎಲ್ಲರ ನಂಬಿಕೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ, ಜೀರಿಗೆಯ ಪರಿಮಳದ್ದು ಜೀರಿಗೆ ಮಿಡಿ. ಇವು ಹೆಚ್ಚಾಗಿ ಹೊಳೆದಂಡೆಯ ಮರಗಳು. ಶರಾವತಿ ಹಿನ್ನೀರು ಹೊಳೆದಂಡೆಯನ್ನೇ ನುಂಗಿದ ಸೀಮೆಯಲ್ಲಿ ಉಳಿದ ಮರಗಳ ಹೆಸರನ್ನು ಜನ ನೆನಪಿಟ್ಟುಕೊಂಡಿರುವುದೇ ದೊಡ್ಡದು.

ತಂಬುಳಿ, ಅಪ್ಪೆಹುಳಿ ಎಂದ ಕೂಡಲೇ ಮಲೆನಾಡಿನ ಊಟ ಎಂದರೆ ಹವ್ಯಕರ ಊಟ ಎಂದು ಪೇಟೆಯ ಮಂದಿ ತಿಳಿದುಬಿಟ್ಟಿದ್ದಾರೆ. ಇದು ಸರಿಯಲ್ಲ. ಈ ಸೀಮೆಯಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ದೀವರ ಅಡುಗೆಗೆ ಬೇರೆಯೇ ಮಾತಿನ ಭಂಡಾರವಿದೆ. ಅಕ್ಕಿ ಕಡುಬಿನ ಜೊತೆ ಕೋಳಿ ಸಾರು, ಗದ್ದೆ ಬದುವಿನ ಏಡಿ, ಮೊದಲ ಮಳೆಗೆ ನೀರಿನ ಎದುರು ಹತ್ತಿ ಬರುವ ಹತ್ತುಮೀನು, ಒಣಸೀಗಡಿ ಚಟ್ನಿ. ಸೀಗೆ ಹುಣ್ಣಿಮೆ ಎಂದೂ ಕರೆಯುವ ಭೂಮಿ ಹುಣ್ಣಿಮೆಯಲ್ಲಂತೂ ಹೊಡೆ ತುಂಬಿದ ಗದ್ದೆಗೇ ಊಟ. ರಾತ್ರಿಯಿಡೀ ಎಚ್ಚರವಿದ್ದು ಬಗೆಬಗೆಯ ಸೊಪ್ಪು, ತರಕಾರಿ ಕೂಡಿಸಿ ಬೇಯಿಸಿ, ಬೆಳಗಿನ ಜಾವ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಒಯ್ದು ಗದ್ದೆಗೆ ಚರಗ ಬೀರುತ್ತಾರೆ. ಬಸುರಿಯ ಬಯಕೆ ತೀರಿಸುವ ಹಾಗೆ ಭೂಮಿಗೆ ಉಣಿಸುವ ಹಬ್ಬ ಅದು. ಚಿತ್ತಾರದ ಬುಟ್ಟಿಯನ್ನು ಗೋಡೆಗೆ ತೂಗುಹಾಕಲು ಕೊಂಡೊಯ್ಯುವ ಪ್ರವಾಸಿಗರಿಗೆ ಅದರೊಳಗೆ ಹೋಗುತ್ತಿದ್ದ ಅಡುಗೆಯ ಹೆಸರುಗಳನ್ನೂ ಹೇಳಿ ಕಳಿಸಬೇಕು.

ಹೊರಗಿನವರಿಗೆ ಸುಲಭವಾಗಲಿ ಎಂದು ಹೆಸರು ಬದಲಿಸುವ ಆಸೆ ಈಗ ಹುಟ್ಟುವ ಕಾಲ. ಅಪ್ಪೆಹುಳಿಗೆ ಮ್ಯಾಂಗೋ ಸೂಪ್, ತಂಬುಳಿಗೆ ಹರ್ಬಲ್ ಬಟರ್‌ಮಿಲ್ಕ್ ಎಂದು ಮೆನುವಿನಲ್ಲಿ ಬರೆದರೆ ಗಿರಾಕಿ ಬೇಗ ಒಪ್ಪಬಹುದು. ನನಗೆ ಇದು ಕೂಡದು ಎನಿಸುತ್ತದೆ. ಥಾಯ್ಲೆಂಡನ್ನೇ ನೋಡಿ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಪ್ರಧಾನಿಯಾಗಿದ್ದ ಫಿಬುನ್ ಸೊಂಗ್‌ಖ್ರಾಮ್ ಅಕ್ಕಿ ಶಾವಿಗೆಯ ಅಡುಗೆಯೊಂದಕ್ಕೆ ಸರ್ಕಾರದ ಒತ್ತಾಸೆ ಕೊಟ್ಟರು, ಅದು ‘ಫಟ್ ಥಾಯ್’ ಎಂದು ಬೆಳೆಯಿತು. 2002ರಲ್ಲಿ ಅಲ್ಲಿನ ಸರ್ಕಾರ ‘ಗ್ಲೋಬಲ್ ಥಾಯ್’ ಎಂಬ ಯೋಜನೆ ಹಾಕಿಕೊಂಡು ಹೊರದೇಶಗಳಲ್ಲಿ ಥಾಯ್ ಹೋಟೆಲುಗಳು ಹೆಚ್ಚುವಂತೆ ನೋಡಿಕೊಂಡಿತು. ಲಂಡನ್ನಿನಲ್ಲಿ ಆಗಲಿ, ಬೆಂಗಳೂರಿನಲ್ಲಿ ಆಗಲಿ, ಆ ಹೋಟೆಲುಗಳ ಮೆನುವಿನಲ್ಲಿ ತೊಮ್ ಯಮ್ ತೊಮ್ ಯಮ್ ಆಗಿಯೇ ಇದೆ, ಕೆಳಗೆ ಒಂದು ಸಾಲಿನ ವಿವರಣೆ ಇರುತ್ತದೆ. ಗಿರಾಕಿಗಳು ಕಲಿತರು. 2024ರ ಡಿಸೆಂಬರಿನಲ್ಲಿ ತೊಮ್ ಯಮ್ ಕುಂಗ್ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ್ದು ಆ ಹೆಸರಿನಲ್ಲೇ. ಕಳಸವಳ್ಳಿಯಿಂದ ಸಿಗಂದೂರಿನ ದಾರಿಯಲ್ಲಿ ಹೋಟೆಲ್ ತೆರೆಯುವವರು ಬೋರ್ಡಿನಲ್ಲಿ ‘ಈ ದಿನದ ತಂಬುಳಿ: ಚಕ್ರಮುನಿ’ ಎಂದು ಬರೆಯಲಿ. ಕೆಳಗೆ ಚಿಕ್ಕದಾಗಿ ಏನೆಂದು ವಿವರಿಸಲಿ.

ಕೇಳುವವರಿಗೂ ಒಂದು ತಿಳಿವಳಿಕೆ ಬೇಕು. ಇಲ್ಲಿಯ ಅಡುಗೆಗೆ ಮೆನು ಕಾರ್ಡಿಗಿಂತ ಪಂಚಾಂಗ ಮುಖ್ಯ. ಕಳಲೆ ಬೇಕೆಂದರೆ ಮಳೆಗಾಲದಲ್ಲಿ ಬರಬೇಕು, ಅದೂ ಮುನ್ನ ಹೇಳಿರಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದ ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸುತ್ತಾರೆ. ಬಂದು ಕೂತು ‘ಒಂದು ಪ್ಲೇಟ್ ಕಳಲೆ’ ಎಂದರೆ ಆಗದು. ಪತ್ರೊಡೆಯ ಕೆಸುವೂ ಮಳೆಗಾಲದ್ದೇ, ಎಲೆಯ ತುರಿಕೆ ತೆಗೆಯಲು ಹಿಟ್ಟಿಗೆ ಹುಣಸೆಯನ್ನೋ ವಾಟೆಹುಳಿಯನ್ನೋ ಧಾರಾಳವಾಗಿ ಹಾಕಿರುತ್ತಾರೆ, ಹುಳಿ ಜಾಸ್ತಿಯಾಯಿತು ಎಂದು ದೂರಬೇಡಿ. ಮಿಡಿ ಮಾವು ಶಿವರಾತ್ರಿಯ ನಂತರ. ಹಲಸು ಬೇಸಗೆಗೆ.

ಚಳಿ ಹಿಮ್ಮೆಟ್ಟುವ ಹೊತ್ತಿಗೆ ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆ. ಆಗ ಬಂದವರಿಗೆ ತೊಡೆದೇವು ಮಾಡುವುದನ್ನು ನೋಡುವ ಯೋಗ. ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ನುಣ್ಣಗೆ ಬೀಸಿ ತೆಳುವಾದ ಹಿಟ್ಟು ಮಾಡಿಕೊಂಡಿರುತ್ತಾರೆ. ಒಲೆಯ ಮೇಲೆ ಮಣ್ಣಿನ ಮಡಕೆ ಬೋರಲು ಕೂತಿರುತ್ತದೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಮಡಕೆಯ ಬೆನ್ನ ಮೇಲೆ ಒಂದೇ ಎಳೆತಕ್ಕೆ ತೊಡೆಯುತ್ತಾರೆ. ಹಿಟ್ಟು ಕಾಗದದಷ್ಟು ತೆಳ್ಳಗೆ ಹಿಡಿದು, ಕ್ಷಣದಲ್ಲಿ ಅಂಚು ಬಿಡುತ್ತದೆ. ಬಿಸಿಯಿರುವಾಗಲೇ ಮಡಚಿ ತೆಗೆಯಬೇಕು, ತಡವಾದರೆ ಮುರಿಯುತ್ತದೆ. ಆರಿದ ಮೇಲೆ ಗರಿಗರಿ. ಮೇಲೆ ತುಪ್ಪ, ಇಲ್ಲವೇ ಬಿಸಿ ಹಾಲು. ಇದನ್ನು ಪ್ಯಾಕೆಟ್ಟಿನಲ್ಲೂ ಮಾರುತ್ತಾರೆ, ಸಾಗರದ ಅಂಗಡಿಗಳಲ್ಲಿ ವರ್ಷವಿಡೀ ಸಿಗುತ್ತದೆ. ಒಲೆಯ ಮುಂದೆ ಕೂತು ತಿಂದದ್ದರ ರುಚಿಯೇ ಬೇರೆ.

ತುಮರಿ, ಬ್ಯಾಕೋಡು ಸುತ್ತಮುತ್ತ ಹೋಂಸ್ಟೇಗಳಲ್ಲಿ ಉಳಿಯುವವರು ರೂಮು ಬುಕ್ ಮಾಡುವಾಗಲೇ ಊಟದ ಮಾತನ್ನೂ ಆಡಿಬಿಡುವುದು ಒಳ್ಳೆಯದು. ‘ವೆಜ್ಜಾ ನಾನ್‌ವೆಜ್ಜಾ’ ಎಂದು ಅವರು ಕೇಳುತ್ತಾರೆ. ಅಲ್ಲಿಗೇ ನಿಲ್ಲಿಸದೆ, ಮಧ್ಯಾಹ್ನಕ್ಕೆ ಒಂದು ತಂಬುಳಿ ಇರಲಿ, ಯಾವ ಸೊಪ್ಪಿನದಾದರೂ ಸರಿ, ಬೋಳುಹುಳಿ ಮಾಡಿದರೆ ಸಂತೋಷ, ಬೇಳೆ ಸಿಕ್ಕಿದರೆ ಪಲ್ಯ ಮಾಡಿ, ರಾತ್ರಿಗೆ ಕಡುಬು ಕೋಳಿ ಸಾರು ಆಗುತ್ತದಾ ಎಂದು ಹೆಸರು ಹಿಡಿದೇ ಕೇಳಿ.